ಹಿಂದಿನ ಮನೆ ದೊಡ್ಡಮ್ಮನ ಕೈಗುಣ

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಸಾಂಬ್ರಾಣಿ ಹೊಗೆಯ ವಾಸನೆ ಬಂತು. ಪೂಜೆಯ ಹೊಗೆಯಲ್ಲ, ಓಮದ ಘಾಟು ಬೆರೆತಿತ್ತು. ಯಾರದೋ ಮನೆಯಲ್ಲಿ ಬಾಣಂತಿಗೆ ನೀರು ಹಾಕಿ ತಲೆ ಆರಿಸುತ್ತಿದ್ದಾರೆ ಎಂದು ಗೊತ್ತಾಯಿತು. ಕಂಬಿ ಹಿಡಿದು ನಿಂತೆ. ಚಾಮರಾಜಪೇಟೆಯ ಹಿಂದಿನ ಮನೆ ದೊಡ್ಡಮ್ಮ ನೆನಪಾದರು...

ಅವರು ನಮಗೆ ಸಂಬಂಧಿಯಲ್ಲ. ನಮ್ಮ ಹಿತ್ತಿಲ ಗೋಡೆಯ ಆಚೆ ಇದ್ದವರು, ಅಷ್ಟೇ. ಹಣೆಯ ಅಗಲಕ್ಕೂ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ಎಳೆಗೂಸಿಗೆ ಮೊದಲ ನೀರು ಹಾಕಲು ಅವರನ್ನೇ ಕರೆಯುತ್ತಿದ್ದರು. ಅವರ ಕೈಗುಣ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಎದುರಿಗೆ ಹೇಳಿದರೆ "ಎಲ್ಲಾ ಶಿವನದು" ಎಂದು ನಾಚುತ್ತಿದ್ದರು. ಆದರೆ ಇನ್ನೊಮ್ಮೆ ಹೇಳಲಿ ಎಂದು ಅಲ್ಲೇ ನಿಂತಿರುತ್ತಿದ್ದರು.

ನನ್ನ ಮದುವೆಯ ಹೊತ್ತಿಗೆ ಅಮ್ಮ ಇರಲಿಲ್ಲ. ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಬೆಳಗಾದರೆ ಬೆರಳು ಬಿಗಿದುಕೊಂಡು ನಲ್ಲಿ ತಿರುಗಿಸುವುದೂ ಕಷ್ಟವಾಗುತ್ತಿತ್ತು. ಕೀಬೋರ್ಡಿನ ಕಾಟ ಎಂದುಕೊಂಡು ಸುಮ್ಮನಿದ್ದೆ. ಬಸುರಿಯಾದ ಮೇಲೆ ಆ ನೋವು ತಾನಾಗಿ ಹೋಯಿತು, ನಾನೂ ಮರೆತೆ. ಹೆರಿಗೆಗೆ ತವರಿಗೆ ಬಂದಾಗ ದೊಡ್ಡಮ್ಮ ಅಪ್ಪನಿಗೆ ಹೇಳಿದರು, "ಬಾಣಂತನ ನಂದು. ನೀವು ಸೌದೆ ತರಿಸಿ, ಸಾಕು."

ಬೆನ್ನು ಕೆಂಪಾಗುವಷ್ಟು ಬಿಸಿನೀರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸು ಬೆಳ್ಳುಳ್ಳಿ ಸಾರು. ಫ್ಯಾನಿನ ಸ್ವಿಚ್ಚಿಗೆ ಅಂಟುಪಟ್ಟಿ ಹಚ್ಚಿಟ್ಟಿದ್ದರು. ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ ಅದರ ಮೂಗನ್ನು ಬೈಯುತ್ತಿದ್ದರು. "ಅಪ್ಪನ ಮೂಗೇ ತಂದಿದೀಯಲ್ಲೇ ಕಳ್ಳಿ, ಅಂಗಡೀಲಿ ಬೇರೆ ಇರ್ಲಿಲ್ವಾ?"

ವಿಶ್ವೇಶ್ವರಪುರದ ಅತ್ತೆ ಮನೆಗೆ ಹಿಂತಿರುಗಿದ ಕೆಲವೇ ವಾರಗಳಲ್ಲಿ ಬೆರಳುಗಳು ಊದಿದವು. ಮಣಿಕಟ್ಟು, ಪಾದ... ಮಗುವಿನ ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಅತ್ತೆ ನೋಡಿದರು.

"ಬಾಣಂತನ ಸರಿಯಾಗಿಲ್ಲ. ಗಾಳಿ ಹೊಕ್ಕಿದೆ. ಹೆತ್ತ ತಾಯಿ ಆಗಿದ್ರೆ ಹೀಗೆ ಬಿಡ್ತಿದ್ರಾ?"

ಆ ಮಾತು ಚಾಮರಾಜಪೇಟೆಗೆ ತಲುಪಿತು. ದೊಡ್ಡಮ್ಮನೇ ನೀರು ಹಾಕಬೇಕೆಂದು ಕಾಯ್ದಿರಿಸಿದ್ದ ಪಕ್ಕದ ಬೀದಿಯ ಬಸುರಿಯ ಮನೆಯವರು "ಊರಿಂದ ಯಾರೋ ಬರ್ತಾರಂತೆ" ಎಂದು ತಿಳಿಸಿದರು. ಆಮೇಲೆ ಯಾರೂ ಕರೆಯಲಿಲ್ಲ. ದೊಡ್ಡಮ್ಮ ನನ್ನನ್ನು ನೋಡಲು ಬಂದರು. ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಅತ್ತೆಗೆ ಕೇಳಿಸದಂತೆ ಕೇಳಿದರು, "ನೀರು ಬಿಸಿ ಸಾಲ್ದೇ ಹೋಯ್ತಾ ಮಗಳೇ?"

ಕೀಲುಗಳ ಡಾಕ್ಟರು ಕಾಯಿಲೆಯನ್ನು ಸಂಧಿವಾತ ಎಂದರು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಸ್ವಂತ ಕೀಲಿನ ಒಳಪದರವನ್ನು ಊದಿಸುತ್ತದೆ, ಬಿಟ್ಟರೆ ಮೂಳೆಯ ತುದಿಗಿರುವ ನುಣುಪಾದ ಮೃದ್ವಸ್ಥಿಯನ್ನೂ ತಿನ್ನುತ್ತದೆ. ಬಸುರಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್‌ನಂಥ ಹಾರ್ಮೋನುಗಳು ಏರಿದಾಗ ಹಲವು ಹೆಂಗಸರಲ್ಲಿ ಅದು ತಣ್ಣಗಾಗುತ್ತದೆ. ಹೆರಿಗೆಯಾಗಿ ಅವು ಇಳಿದ ಮೇಲೆ ಮತ್ತೆ ಕೆರಳುತ್ತದೆ. "ನೀರಿಗೂ ಇದಕ್ಕೂ ಸಂಬಂಧ ಇಲ್ಲಮ್ಮ, ಮೊದ್ಲು ಮಾತ್ರೆ ಶುರು ಮಾಡಿ" ಎಂದರು.

ಇದನ್ನು ಮನೆಯಲ್ಲಿ ಹೇಳಿದೆ. ಚಾಮರಾಜಪೇಟೆಗೆ ಹೋಗಿ ದೊಡ್ಡಮ್ಮನಿಗೂ ಬಿಡಿಸಿ ಹೇಳಿದೆ. ಬಸುರಿಯಾಗುವ ಮೊದಲೇ ನೋವಿತ್ತು ಎಂದೂ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಬಸುರಲ್ಲಿ ಹೋಗಿತ್ತಲ್ಲ? ಹೋಗಿದ್ದನ್ನ ವಾಪಸ್ ಕರೆಸಿದ್ದು ಯಾರ ಕೈ?"

"ಹಾರ್ಮೋನು ದೊಡ್ಡಮ್ಮ."

"ಅದೇನೋ ನಂಗೊತ್ತಿಲ್ಲ. ನನ್ನ ಮಾನ ಉಳಿಸೋಕೆ ಡಾಕ್ಟ್ರು ಹೇಳಿರ್ತಾರೆ ಬಿಡು."

ನನ್ನ ಊದಿದ ಕೈ ಅವರ ವಿರುದ್ಧದ ಸಾಕ್ಷಿಯಾಗಿತ್ತು. ಅವರ ಎದುರು ಕಾಫಿ ಲೋಟ ಎತ್ತಲೂ ನಾಚಿಕೆಯಾಗುತ್ತಿತ್ತು.

ಎರಡನೇ ಮಗುವಿಗೆ ಅತ್ತೆಯೇ ಮುಂದೆ ನಿಂತು ಬಾಣಂತನ ಮಾಡಿಸಿದರು. ನೀರು ಹಾಕಲು ಮಾವಳ್ಳಿಯಿಂದ ಹೆಸರುವಾಸಿಯಾದ ಹೆಂಗಸು ಬಂದಳು. ಬಸುರಿನಲ್ಲಿ ಮತ್ತೆ ಮಾಯವಾಗಿದ್ದ ನೋವು ಹೆರಿಗೆಯ ನಂತರ ಡಾಕ್ಟರು ಎಚ್ಚರಿಸಿದ್ದಂತೆಯೇ ಬಂತು. ಅತ್ತೆ ನನ್ನ ಬೆರಳು ನೋಡಿ ಮುಖ ತಿರುಗಿಸಿದರು. ಈ ಸಲ ಯಾರ ಹೆಸರನ್ನೂ ಎತ್ತಲಿಲ್ಲ.

ನನಗೆ ನೋವಿಗಿಂತ ಹೆಚ್ಚು ಸಮಾಧಾನವಾಗಿತ್ತು. ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿ, ಮಗುವನ್ನು ಎತ್ತಿಕೊಂಡು ಹೊರಟೆ. ಖುಷಿಯಾಗಿ ಬಾಗಿಲು ತೆರೆಯುತ್ತಾರೆ ಎಂದುಕೊಂಡಿದ್ದೆ. ಅವರು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು.

"ನೋಡಿ ದೊಡ್ಡಮ್ಮ, ತಪ್ಪು ನಿಮ್ಮ ಕೈದಲ್ಲ. ಈಗಲಾದ್ರೂ ನಂಬ್ತೀರಾ?"

"ನಂಬಿದೆ ಕಣೆ." ಗೋಡೆ ನೋಡುತ್ತಲೇ ಹೇಳಿದರು. "ನಿಂಗೆ ಮತ್ತೆ ಊದಿದೆ ಅಂದ ತಕ್ಷಣ ಅಬ್ಬಾ ಬದುಕಿದೆ ಅಂದ್ಕೊಂಡೆ. ಎತ್ತಿ ಆಡ್ಸಿದ ಕೂಸು ನೀನು. ನಿನ್ ನೋವಿಗೆ ಹಿಗ್ಗಿದ್ನಲ್ಲೇ, ನಾನೂ ಒಬ್ಳು ಮನುಷ್ಯಳಾ?"

ಮಗುವನ್ನು ಅವರ ಮಡಿಲಿಗೆ ಕೊಡಲು ಹೋದೆ. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಬೇಡ ಎಂದು ತಲೆಯಾಡಿಸಿದರು. ನಾನು ಮತ್ತೆ ಮತ್ತೆ ಹೋದೆ. ಅವರು ಕಾಫಿ ಕೊಟ್ಟರು, ಮಾತಾಡಿದರು, ಮಗುವನ್ನು ಮಾತ್ರ ಮುಟ್ಟಲಿಲ್ಲ. ಅವರು ತೀರಿಕೊಂಡು ವರ್ಷಗಳಾದವು...

ಈಗ ನನಗೆ ಮುಟ್ಟು ನಿಂತಿದೆ. ಮೊಣಕಾಲಿನ ಮೃದ್ವಸ್ಥಿ ಸವೆಯುತ್ತಿದೆ, ಈಸ್ಟ್ರೋಜನ್ ಇಳಿದದ್ದೂ ಒಂದು ಕಾರಣವಿರಬಹುದು ಎನ್ನುತ್ತಾರೆ ಡಾಕ್ಟರು. ಈ ನೋವಿಗೆ ಯಾರೂ ಯಾರ ಕೈಯನ್ನೂ ದೂರಲಿಲ್ಲ.

ಹೊಗೆಯ ವಾಸನೆ ಬಂದ ವಾರವೇ, ಭಾನುವಾರ ದೊಡ್ಡಮ್ಮನ ಮನೆಗೆ ಹೋದೆ. ಅವರ ಸೊಸೆ ಒಬ್ಬಳೇ ಇದ್ದಳು. ಮಾತಿನ ನಡುವೆ ಅವಳೇ ಹೇಳಿದಳು, "ನನ್ನ ಮಗೂನ ಅತ್ತೆ ಒಂದು ದಿನಾನೂ ಎತ್ಕೊಳ್ಲಿಲ್ಲ ಅಕ್ಕಾ. ಊರ ಮಕ್ಕಳಿಗೆಲ್ಲಾ ನೀರು ಹಾಕ್ದೋರು. ನಾನು ಅವರಿಗೆ ಇಷ್ಟ ಇರ್ಲಿಲ್ಲ, ಅದಕ್ಕೇ ಅಂದ್ಕೊಂಡೆ. ಕೊನೇವರ್ಗೂ ಸರಿಯಾಗಿ ಮಾತಾಡಿಸ್ಲಿಲ್ಲ ಅವರನ್ನ."

ನಡೆದದ್ದನ್ನೆಲ್ಲ ಹೇಳಿದೆ. ಅವಳು ಎದ್ದು ಬಾಗಿಲು ಮುಂದೆ ಮಾಡಿದಳು, ಬೀದಿಯಲ್ಲಿ ಹೋಗುವವರು ನಮ್ಮಿಬ್ಬರ ಮುಖ ನೋಡದ ಹಾಗೆ.