ಮನ್ಸೂರ್ ಸಾಬರ ಕಣ್ಣಳತೆ

ಆರ್.ಟಿ. ನಗರದ ಅಡ್ಡರಸ್ತೆಯೊಂದರಲ್ಲಿರುವ ‘ಮನ್ಸೂರ್ ಟೈಲರ್ಸ್’ನಲ್ಲಿ ಅಳತೆ ಟೇಪು ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದೆ, ಕನ್ನಡಿಯ ಮೂಲೆಗೆ ನೇತುಹಾಕಿದೆ, ಮಗಳು ಗಜಾಲಾ ಬಳಸುತ್ತಾಳೆ. ಮನ್ಸೂರ್ ಸಾಬರಿಗೆ ಮಾತ್ರ ಅದನ್ನು ಕಂಡರಾಗದು. ಗಿರಾಕಿ ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಅವರ ಕಣ್ಣು ಮೇಲಿಂದ ಕೆಳಕ್ಕೊಮ್ಮೆ, ಎಡದಿಂದ ಬಲಕ್ಕೊಮ್ಮೆ ಓಡಾಡಿ ಕೆಲಸ ಮುಗಿಸಿರುತ್ತದೆ. “ಎದೆ ಮೂವತ್ತೆಂಟು, ಭುಜ ಹದಿನೇಳೂಕಾಲು, ಬಲಗಡೆ ಸ್ವಲ್ಪ ಇಳೀತಾ ಇದೆ. ಬ್ಯಾಗು ಅದೇ ಕಡೆ ಹಾಕ್ಕೋತೀರಾ?” ಎಂದು ಕೇಳುತ್ತಾರೆ. ಗಿರಾಕಿ ತಬ್ಬಿಬ್ಬಾಗಿ ತನ್ನ ಭುಜವನ್ನೇ ಮುಟ್ಟಿ ನೋಡಿಕೊಳ್ಳುತ್ತಾನೆ. ಅರವತ್ತೇಳರ ಈ ಮನುಷ್ಯ ಇನ್ನೆಲ್ಲದರಲ್ಲೂ ಸಾಧು, ಆದರೆ ಇದೊಂದು ವಿಷಯದಲ್ಲಿ ಅವರಿಗಿರುವ ಜಂಬವನ್ನು ಇಡೀ ವಾರ್ಡಿಗೆ ಹಂಚಿದರೂ ಮಿಗುತ್ತದೆ.

ಈ ವಿದ್ಯೆ ಅವರಿಗೆ ಬಂದದ್ದು ಯಶವಂತಪುರದ ಉಸ್ತಾದ್ ಗುಲಾಮ್ ರಸೂಲ್ ಅವರಿಂದ. ಉಸ್ತಾದರದು ಹೆಂಗಸರ ಬಟ್ಟೆಯ ಅಂಗಡಿ. ಪರಗಂಡಸು ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿಯುವುದು ಮರ್ಯಾದೆಯಲ್ಲ ಎನ್ನುವುದು ಅವರ ಕಾನೂನು. ಆರು ಹೆಜ್ಜೆ ದೂರ ನಿಲ್ಲಬೇಕು, ಎರಡೂ ಕೈ ಬೆನ್ನ ಹಿಂದೆ ಕಟ್ಟಬೇಕು, ಒಂದೇ ಸಲ ನೋಡಿ ತಲೆ ತಗ್ಗಿಸಬೇಕು. ಎರಡನೇ ಸಲ ಕಣ್ಣೆತ್ತಿದ ಶಿಷ್ಯನ ನೆತ್ತಿಗೆ ಮರದ ಅಡಿಪಟ್ಟಿ ಬೀಳುತ್ತಿತ್ತು. ಮನ್ಸೂರ್ ಸಾಬರು ಆ ಏಟನ್ನು ಎರಡೇ ಸಲ ತಿಂದರಂತೆ.

ಮೂರನೆಯ ಏಟು ಬೀಳಬೇಕಾಗಿದ್ದ ಪ್ರಸಂಗವನ್ನು ಅವರ ಹೆಂಡತಿ ಕನೀಜ್ ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. ನಿಕಾಹ್ ಗೊತ್ತಾದ ಮೇಲೆ ಗಂಡಿನ ಕಡೆಯಿಂದ ಬಂದ ಮದುವೆ ಉಡುಪು ಮದುಮಗಳಿಗೆ ಅಚ್ಚು ಹೊಯ್ದಂತೆ ಕೂತುಬಿಟ್ಟಿತು. ಹೆಣ್ಣಿನ ಮನೆಯಿಂದ ಅಳತೆ ಕಳಿಸಿರಲೇ ಇಲ್ಲ! “ಈ ಹುಡುಗ ನಮ್ಮ ಹುಡುಗೀನ ಎಲ್ಲಿ ನೋಡಿದ?” ಎಂದು ಮಾವಂದಿರೆಲ್ಲ ಹುಬ್ಬು ಗಂಟಿಕ್ಕಿದರು. ನೋಡಿದ್ದು ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ, ರಸ್ತೆಯ ಆಚೆ ಬದಿಯಿಂದ, ಒಂದೇ ಸಲ. “ಸುಳ್ಳು, ಎರಡು ಬಸ್ ಬಿಟ್ಟು ನಿಂತಿದ್ರು ಕಣ್ರೀ” ಎಂದು ಕನೀಜ್ ನಗುತ್ತಾರೆ. ಸಾಬರು ಕಿವಿಯವರೆಗೆ ಕೆಂಪಾಗಿ ದಾರದುಂಡೆ ಹುಡುಕತೊಡಗುತ್ತಾರೆ.

ಇಂಥ ಕಣ್ಣಿಗೆ ಹೋದ ವರ್ಷ ಪೊರೆ ಬಂತು. ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡರು. ಎಷ್ಟು ದಿನ ಮುಚ್ಚಿಡಲು ಸಾಧ್ಯ? ಕೋಗಿಲು ಬಡಾವಣೆಯ ಮದುಮಗನೊಬ್ಬನ ಶೆರ್ವಾನಿಗೆ ಎರಡೂ ತೋಳುಗಳನ್ನು ಎಡಗೈಗೇ ಕತ್ತರಿಸಿಟ್ಟ ದಿನ ಗುಟ್ಟು ಬಯಲಾಯಿತು. ಮದುಮಗನ ಅಣ್ಣ ಅಂಗಡಿಯ ಬಾಗಿಲಲ್ಲಿ ನಿಂತು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಪ್ಪ ತಲೆ ತಗ್ಗಿಸಿ ನಿಂತು ಅದನ್ನೆಲ್ಲ ಕೇಳಿಸಿಕೊಂಡದ್ದನ್ನು ನೋಡಿದ ಗಜಾಲಾ ಮರುವಾರವೇ ಶಸ್ತ್ರಚಿಕಿತ್ಸೆ ಮಾಡಿಸಿದಳು.

ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಅಂಗಡಿಯಲ್ಲಿ ಕೂರುತ್ತಿದ್ದ ಆ ದಿನಗಳಲ್ಲಿ ಸಾಬರಿಗೆ ಗೋಡೆಯ ಟಿವಿಯೇ ಗತಿ. ಅಗಲ ಟಿವಿ, ಹಳೆಯ ಕೇಬಲ್. ಚಿತ್ರ ನಡುವೆ ಚೌಕವಾಗಿ ಬಂದು ಎರಡು ಬದಿಗೂ ಕಪ್ಪು ಪಟ್ಟಿ ನಿಲ್ಲುತ್ತಿತ್ತು. ಗಜಾಲಾ ಒಂದು ದಿನ ರಿಮೋಟು ಹಿಡಿದು ಏನೇನೋ ಒತ್ತಿದಳು. ಕಪ್ಪು ಪಟ್ಟಿ ಹೋಗಿ ಚಿತ್ರ ಗೋಡೆತುಂಬ ಹರಡಿಕೊಂಡಿತು. “ಈಗ ದೊಡ್ಡದಾಗಿ ಕಾಣುತ್ತಾ ಅಬ್ಬಾ?” ಎಂದಳು. “ಹೌ ಬೇಟಾ, ಬಹಳ ಚೆನ್ನಾಗಿ ಕಾಣುತ್ತೆ” ಎಂದರು ಸಾಬರು. ಆಮೇಲೆ ಅವಳು ಟಿವಿಗೆ ಬೆನ್ನು ಹಾಕಿ ತನ್ನ ಮೆಶೀನಿನ ಮುಂದೆ ಕೂತವಳು, ಅದರ ಕಡೆ ತಿರುಗಿಯೂ ನೋಡಲಿಲ್ಲ.

ಕಣ್ಣು ತಿಳಿಯಾಯಿತು, ಸಾಬರು ಮತ್ತೆ ಕತ್ತರಿಗೆ ಕೈಹಾಕಿದರು. ಗಜಾಲಾ ಅಡ್ಡ ನಿಂತಳು. “ನಕ್ಕೋ ಅಬ್ಬಾ, ಬೇಡ. ನೀವು ಗುಂಡಿ ಹಾಕಿ, ಕಾಜ ಮಾಡಿ. ಕಟಿಂಗ್ ನಂಗೆ ಬಿಡಿ. ಇನ್ನೊಂದ್ಸಲ ಯಾರೋ ಬಂದು ನಿಮ್ಮನ್ನ ಹಂಗೆ ಅನ್ನೋದು ನಂಗೆ ಕೇಳೋಕಾಗಲ್ಲ.” ಆದರೆ ಕತ್ತರಿ ಬಿಟ್ಟ ಟೈಲರು ಏನು ಮಾಡಬೇಕು, ಹೇಳಿ? ಸಾಬರು ಎರಡು ದಿನ ಮಾತು ಬಿಟ್ಟರು.

ಆ ಎರಡು ದಿನದ ಮೌನದ ನಡುವೆ ಸುನೀಲ್ ಬಂದ. ಪಕ್ಕದ ಬೀದಿಯ ಹುಡುಗ, ಬಯಲು ಸ್ಪೋರ್ಟ್ಸ್ ಎಂಬ ಹೊಸ ಕ್ರೀಡಾ ಚಾನೆಲ್ಲಿನಲ್ಲಿ ಕೆಲಸ. ಅವರ ಚಾನೆಲ್ಲು ಬರುವ ಭಾನುವಾರ ಬೆಳಿಗ್ಗೆ ಇದೇ ರಸ್ತೆಯಲ್ಲಿ ಬೀದಿ ಹಬ್ಬ ನಡೆಸುತ್ತದಂತೆ. ವಾಹನ ಬಂದ್, ದೊಡ್ಡ ಪರದೆ, ಲಗೋರಿ, ಹಗ್ಗಜಗ್ಗಾಟ, ಜೊತೆಗೆ ಹೆಸರುವಾಸಿ ಆಟಗಾರರು. ಮುಖ್ಯ ಅತಿಥಿ ಭಾಗ್ಯಶ್ರೀ, ವಿಜಯಪುರದ ಕಡೆಯ ಸೈಕಲ್ ಓಟಗಾರ್ತಿ, ಈಚೆಗಷ್ಟೇ ಹೊರದೇಶದಲ್ಲಿ ಚಿನ್ನ ಗೆದ್ದವಳು.

“ಅವಳಿಗೊಂದು ಇಳಕಲ್ ಬಟ್ಟೆಯ ಜಾಕೆಟ್ ಗಿಫ್ಟ್ ಕೊಡ್ಬೇಕು ಚಾಚಾ, ನಮ್ಮ ಏರಿಯಾದವರೇ ಹೊಲಿದಿದ್ದು ಅಂತ. ಆದ್ರೆ ಅವಳು ಬರೋದೇ ಆವತ್ತು ಬೆಳಿಗ್ಗೆ. ಸೈಜ್ ಎಸ್ಸೋ ಎಮ್ಮೋ ಕೇಳಿ ಮೆಸೇಜ್ ಹಾಕ್ಸಲಾ?” ಎಂದ ಸುನೀಲ್.

“ಎಸ್ಸು, ಎಮ್ಮು ಅಂತ ಮನುಷ್ಯರಿರ್ತಾರೇನೋ?” ಸಾಬರಿಗೆ ಪಿತ್ತ ನೆತ್ತಿಗೇರಿತು. “ಅವಳು ಟಿವಿಯಲ್ಲಿ ಬರ್ತಾಳೋ ಇಲ್ವೋ? ಬರ್ತಾಳೆ ತಾನೇ? ನೋಡ್ಕೋತೀನಿ, ಹೋಗು.”

ಸುನೀಲ್ ಹೋದ ಮೇಲೆ ಗಜಾಲಾ ಮೆಶೀನು ನಿಲ್ಲಿಸಿದಳು. “ಸರಿ ಅಬ್ಬಾ, ಪಂದ್ಯ. ಇದು ಸರಿಯಾಗಿ ಕೂತ್ರೆ ಕತ್ತರಿ ನಿಮ್ಮದು, ನಾನು ಜನ್ಮದಲ್ಲಿ ಕೇಳಲ್ಲ. ಅರ್ಧ ಬೆರಳು ಆಚೀಚೆ ಆದ್ರೂ ಕತ್ತರಿ ನಂಗೆ.”

“ಮಾತು ಮಾತೇ” ಎಂದರು ಸಾಬರು.

ಮೂರು ದಿನ ಟಿವಿಯ ಮುಂದೆ ಆರು ಹೆಜ್ಜೆ ದೂರದಲ್ಲಿ, ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ಆ ಹುಡುಗಿಯ ಓಟ ದಿನಕ್ಕೆರಡು ಸಲ ಬರುತ್ತಿತ್ತು. ಸಾಬರೇನು ದಡ್ಡರಲ್ಲ, ಎದುರಿನ ಮನೋಹರ್‌ನ ಸೈಕಲ್ ಅಂಗಡಿಗೆ ಹೋಗಿ ಓಟದ ಸೈಕಲ್ಲಿನ ಎತ್ತರ ನೋಡಿಕೊಂಡು ಬಂದು, ಅದರ ಮೇಲೆ ಹುಡುಗಿಯ ಎತ್ತರ ಲೆಕ್ಕ ಹಾಕಿದರು. ಟಿವಿಯ ಸೈಕಲ್ಲಿನ ಚಕ್ರ ಮಾತ್ರ ಮೊಟ್ಟೆಯ ಹಾಗೆ ಅಡ್ಡಕ್ಕೆ ಉದ್ದವಾಗಿ ಕಂಡಿತು. ಅಬ್ಬಬ್ಬಾ, ಏನು ಸ್ಪೀಡು, ಚಕ್ರವೇ ಎಳೆದುಕೊಂಡು ಹೋಗಿದೆಯಲ್ಲ ಎಂದು ಮೆಚ್ಚಿಕೊಂಡರು. ವಾರ್ತೆ ಓದುವವಳೂ ಈಚೆಗೆ ಚೆನ್ನಾಗಿ ಮೈತುಂಬಿಕೊಂಡಿದ್ದಾಳೆ ಎಂದು ಅವರಿಗೆ ಖುಷಿಯೇ ಆಗಿತ್ತು.

ಕತ್ತರಿಸಿದ ತುಂಡುಗಳನ್ನು ನೋಡಿ ಗಜಾಲಾ ಹುಬ್ಬೇರಿಸಿದಳು. “ಎದೆ ನಲವತ್ತೆರಡಾ? ಸೈಕಲ್ ತುಳಿಯೋ ಹುಡುಗೀಗಾ? ಫೋನಲ್ಲಿ ಫೋಟೋ ತೋರಿಸ್ತೀನಿ, ಒಂದ್ಸಲ ನೋಡಿ.”

“ಆ ಬೆರಳಗಲದ ಪರದೇಲಿ ಮನುಷ್ಯರ ಅಳತೆ ಸಿಗುತ್ತಾ? ಸೈಕಲ್‌ನೋರ ಎದೆಗೂಡು ಅಗಲ. ಗಾಳಿ ಬೇಡ್ವಾ ಅವರಿಗೆ?”

ಗಜಾಲಾ ಫೋನು ಪಕ್ಕಕ್ಕಿಟ್ಟಳು.

ಭಾನುವಾರ ಏಳು ಗಂಟೆಗೇ ರಸ್ತೆ ತುಂಬಿಹೋಯಿತು. ಆಟೋ ಓಡಾಡುವ ಜಾಗದಲ್ಲಿ ಅಜ್ಜಿಯರು ಕುರ್ಚಿ ಹಾಕಿಕೊಂಡು ಕೂತಿದ್ದರು; ಬ್ಯಾಂಕಿನ ಮ್ಯಾನೇಜರು ಲುಂಗಿ ಎತ್ತಿಕಟ್ಟಿ ಹಗ್ಗ ಎಳೆಯುತ್ತಿದ್ದರು. “ಎಳೀ ಮಗಾ, ಎಳೀ!” ಎಂಬ ಕೂಗಿಗೆ ಕಾಗೆಗಳೂ ಮರ ಬಿಟ್ಟು ಹೋಗಿದ್ದವು. ಸಾಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ವೇದಿಕೆಯ ಪಕ್ಕ ನಿಂತಿದ್ದರು. ಜಾಕೆಟ್ಟಿನ ಪೊಟ್ಟಣ ಆಗಲೇ ಮೇಲೆ ಹೋಗಿತ್ತು.

ಆಗ ದೊಡ್ಡ ಪರದೆಯಲ್ಲಿ ಭಾಗ್ಯಶ್ರೀಯ ಆ ಓಟವನ್ನೇ ಹಾಕಿದರು. ಸಾಬರು ತಲೆಯೆತ್ತಿ ನೋಡಿದರು. ಚಕ್ರ ದುಂಡಗಿತ್ತು. ಬಳೆಯಷ್ಟು ದುಂಡಗೆ. ಅದರ ಮೇಲೆ ಕೂತ ಹುಡುಗಿ ನುಗ್ಗೇಕಾಯಿ ಹಾಗಿದ್ದಳು.

ಸಾಬರಿಗೆ ಅಂಗಡಿಯ ಟಿವಿ, ಕಪ್ಪು ಪಟ್ಟಿ, ಮಗಳ ಕೈಯಲ್ಲಿನ ರಿಮೋಟು, ‘ಈಗ ದೊಡ್ಡದಾಗಿ ಕಾಣುತ್ತಾ ಅಬ್ಬಾ’ ಎಂದ ಅವಳ ದನಿ, ಎಲ್ಲ ಒಂದೇ ಏಟಿಗೆ ನೆನಪಾಯಿತು. ಅಂದಿನಿಂದ ಆ ಟಿವಿ ಎಲ್ಲವನ್ನೂ ಅಡ್ಡಕ್ಕೆ ಎಳೆದು ತೋರಿಸುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದರು. ಗಜಾಲಾ ಪರದೆಯನ್ನು ನೋಡುತ್ತಿರಲಿಲ್ಲ. ಉಗುರು ಕಚ್ಚುತ್ತ ವೇದಿಕೆಯ ಮೇಲಿದ್ದ ಪೊಟ್ಟಣವನ್ನೇ ನೋಡುತ್ತಿದ್ದಳು. ಅಪ್ಪ ಗೆಲ್ಲಲಿ ಎಂದು ಅವಳು ಬೇಡಿಕೊಳ್ಳುತ್ತಿರುವುದು ಅವಳ ಮುಖದ ಮೇಲೇ ಬರೆದಿತ್ತು. ಸಾಬರು ಬಾಯಿ ತೆರೆದವರು ಮುಚ್ಚಿಕೊಂಡರು.

ತನ್ನ ಓಟದ ಸೈಕಲ್ಲಿನಲ್ಲೇ ಬಂದಿಳಿದ ಭಾಗ್ಯಶ್ರೀ ಹೆಲ್ಮೆಟ್ಟಿನಲ್ಲೇ ವೇದಿಕೆ ಹತ್ತಿ ಜಾಕೆಟ್ಟು ತೊಟ್ಟಳು. ಉದ್ದ ಸರಿ, ತೋಳಿನ ಉದ್ದ ಸರಿ, ಅಗಲ ಮಾತ್ರ ಪಂಚಾಯಿತಿ ಡೇರೆ! ರಸ್ತೆಯಿಡೀ ಗೊಳ್ಳೆಂದಿತು. ಮೈಕು ಹಿಡಿದಿದ್ದ ಸುನೀಲನ ಮುಖ ಇಂಗು ತಿಂದಂತಾಯಿತು. ಹುಡುಗಿ ಮಾತ್ರ ಒಳ್ಳೆಯವಳು. ಎರಡು ಬದಿ ಹಿಡಿದು ರೆಕ್ಕೆಯ ಹಾಗೆ ಆಡಿಸಿ, “ಅಜ್ಜಾರ, ಇದರಾಗ ನಾನೂ ನಮ್ಮವ್ವನೂ ಕೂಡೇ ಹಿಡಸ್ತೀವ್ರಿ! ಆದ್ರ ಭಾಳ ಛಂದ ಐತ್ರಿ” ಎಂದಳು.

ಆ ಮಾತಿಗೆ ಸಾಬರಿಗೆ ಧೈರ್ಯ ಬಂತು. ವೇದಿಕೆ ಹತ್ತಿದರು. ಆರು ಹೆಜ್ಜೆ ದೂರ ನಿಂತರು, ಕೈ ಬೆನ್ನ ಹಿಂದೆ ಕಟ್ಟಿದರು, ಒಂದೇ ಒಂದು ಸಲ ನೋಡಿ ತಲೆ ತಗ್ಗಿಸಿದರು. “ಗಜಾಲಾ, ಪಿನ್ನು ತಗೊಂಡು ಬಾ. ಎದೆ ಮೂವತ್ಮೂರು. ಎರಡು ಪಕ್ಕಾನೂ ಎರಡೂಕಾಲು ಒಳಗೆ ತಗೋ. ಭುಜ ಹದಿನಾಲ್ಕೂವರೆ. ಎಡಭುಜ ಒಂದು ಎಳೆ ಕೆಳಗಿದೆ, ಯಾವಾಗ್ಲೋ ಬಿದ್ದು ಮೂಳೆ ಮುರ್ಕೊಂಡಿದ್ದಾಳೆ, ಅಲ್ಲಿ ಸಡಿಲ ಬಿಡು.”

ಭಾಗ್ಯಶ್ರೀಯ ನಗು ನಿಂತಿತು. “ಯವ್ವಾ! ಇದು ನಿಮಗ ಹ್ಯಾಂಗ ಗೊತ್ತಾತ್ರಿ?”

ಗಜಾಲಾ ಹೇಳಿದಲ್ಲೆಲ್ಲ ಪಿನ್ನು ಚುಚ್ಚಿದಳು. ಅಪ್ಪ ಮಗಳಿಬ್ಬರೂ ಅಂಗಡಿಗೆ ಓಡಿದರು. ಮುಕ್ಕಾಲು ಗಂಟೆ ಎರಡು ಮೆಶೀನು ಒಂದೇ ಸಮನೆ ಓಡಿದವು. ಮತ್ತೆ ತೊಡಿಸಿದಾಗ ಜಾಕೆಟ್ಟು ಆ ಹುಡುಗಿಯ ಮೈಗೆ ಹುಟ್ಟಿನಿಂದಲೇ ಬಂದಂತೆ ಕೂತಿತು. ಶಿಳ್ಳೆಯೋ ಶಿಳ್ಳೆ! ಕನೀಜ್ ಜನರ ನಡುವೆ ನಿಂತು, “ಬಸ್‌ಸ್ಟಾಪಲ್ಲಿ ಹಿಂಗೇ ನೋಡಿದ್ದು ಕಣ್ರೀ ನನ್ನನ್ನ!” ಎಂದು ಪಕ್ಕದವರಿಗೆಲ್ಲ ಸಾರಿದರು. ಭಾಗ್ಯಶ್ರೀ ಬಗ್ಗಿ ಸಾಬರ ಕಾಲು ಮುಟ್ಟಿದಳು. ಅವರು ಏನೂ ತೋಚದೆ ಅವಳ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು ಹರಸಿದರು.

ಇಷ್ಟಾದ ಮೇಲೆ ಗೆದ್ದವರಂತೆ ಬೀಗಬೇಕಿತ್ತು. ಮಧ್ಯಾಹ್ನ ಅಂಗಡಿಗೆ ಬಂದವರೇ ಸಾಬರು ಮೊಳೆಯಿಂದ ಕತ್ತರಿ ತೆಗೆದರು. ಉಸ್ತಾದರು ಕೊಟ್ಟ ಕತ್ತರಿ, ಹಿಡಿಕೆ ಅವರ ಹೆಬ್ಬೆರಳಿನ ಆಕಾರಕ್ಕೇ ಸವೆದಿತ್ತು. ಅದನ್ನು ಒರೆಸಿ ಗಜಾಲಾಳ ಮೆಶೀನಿನ ಮೇಲಿಟ್ಟರು.

“ಇದೇನಬ್ಬಾ? ಸರಿಯಾಯ್ತಲ್ಲ!”

“ಆಮೇಲೆ ಸರಿಯಾಯ್ತು. ಮೊದಲನೇ ಕಟಿಂಗ್ ತಪ್ಪಿತ್ತು. ಮಾತು ಮಾತೇ.” ಹೇಳಿ, ಗುಂಡಿಯ ಡಬ್ಬಿ ಎಳೆದುಕೊಂಡು ಸ್ಟೂಲಿನ ಮೇಲೆ ಕೂತರು. ಗಜಾಲಾಳಿಗೆ ತಾನು ಪಂದ್ಯದಲ್ಲಿ ಕೇಳಿದ್ದ ಕತ್ತರಿಯೇ ಸಿಕ್ಕಿತ್ತು. ಆದರೂ ಕಣ್ಣೊರೆಸಿಕೊಳ್ಳುವುದು ಅಪ್ಪನಿಗೆ ಕಾಣಬಾರದೆಂದು ಆಚೆ ತಿರುಗಿ ಟಿವಿ ಹಾಕಿದಳು.

ಬೆಳಗಿನ ಹಬ್ಬವನ್ನೇ ಮರುಪ್ರಸಾರ ಮಾಡುತ್ತಿದ್ದರು. ವೇದಿಕೆಯ ಮೇಲೆ ಅಪ್ಪ. ಒಣಕಲು ಅಪ್ಪ ಅಲ್ಲಿ ಹೋಟೆಲ್ ಮಾಲೀಕರಂತೆ ಕಾಣುತ್ತಿದ್ದರು. ಪಿನ್ನು ಚುಚ್ಚುತ್ತಿರುವ ತಾನು ಪೀಪಾಯಿ. ಭಾಗ್ಯಶ್ರೀಯ ಸೈಕಲ್ಲಿಗೆ ಮೊಟ್ಟೆಯಂಥ ಚಕ್ರ.

ಗಜಾಲಾ ಟಿವಿಯನ್ನು ನೋಡಿದಳು, ಮೇಜಿನ ಮೇಲಿನ ರಿಮೋಟನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು.

“ಅಬ್ಬಾ... ನಿಮ್ಗೆ ಗೊತ್ತಿತ್ತಾ?”

“ಅಲ್ಲಿ ದೊಡ್ಡ ಪರದೆ ನೋಡ್ದಾಗ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ? ಊರೆಲ್ಲ ನಿಮ್ಮನ್ನ ನೋಡಿ ನಗ್ತಿತ್ತಲ್ಲ!”

ಸಾಬರು ಸೂಜಿಗೆ ದಾರ ಪೋಣಿಸಿದರು. ಒಂದೇ ಏಟಿಗೆ ಹೋಯಿತು. “ನನ್ನ ಕಣ್ಣು ನೋಯ್ಬಾರ್ದು ಅಂತ ನೀನು ಮಾಡಿದ್ದು ಅದು. ನಾನು ಅದನ್ನ ತಪ್ಪು ಅಂತ ಹೆಂಗಮ್ಮಾ ಹೇಳ್ಲಿ?”

ಗಜಾಲಾ ಬಿಕ್ಕಿದಳು. ಅತ್ತುಕೊಂಡೇ ಎದ್ದು, ಕತ್ತರಿಯನ್ನು ಎತ್ತಿ, ಕನ್ನಡಿಯ ಎಡಗಡೆ ಅಪ್ಪನ ಮೊಳೆಗೇ ನೇತುಹಾಕಿದಳು. ರಿಮೋಟಿಗೆ ಕೈ ಚಾಚಿದಾಗ ಸಾಬರು ತಡೆದರು.

“ಸರಿ ಮಾಡ್ತೀನಿ ಅಬ್ಬಾ.”

“ನಕ್ಕೋ. ಹಂಗೇ ಇರ್ಲಿ ಬಿಡು. ಎಲ್ಲರೂ ಹೊಟ್ಟೆ ತುಂಬ ಉಂಡೋರ ಹಂಗೆ ಕಾಣ್ತಾರೆ.” ಆಮೇಲೆ ಗುಂಡಿಯ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದರು. “ತಗೋ, ಪಂದ್ಯ ಸೋತೋರು ಗುಂಡಿ ಹಾಕ್ಬೇಕು.”