ನೌಕೆಗೆ ಅತ್ತೆಯನ್ನು ಹತ್ತಿಸಿದ್ದು

ನನ್ನ ಸೊಸೆ ನಂದಾ ಹೊನವಾಡದವಳು. ಲಗ್ನವಾಗಿ ತಿಕೋಟಾಕ್ಕೆ ಬಂದಾಗಿನಿಂದ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಾಳೆ. ನಾನೂ ಜೊತೆಗೆ ಹೋಗುತ್ತಿದ್ದೆ. ಹಸಿರು ಕಾಳು ಒಂದು ಕಡೆ, ಕರಿಯವು ಒಂದು ಕಡೆ, ತೊಟ್ಟು ಬೇರೆ. ಕೈಗೆ ಕೆಲಸವಿದ್ದರೂ ಬಾಯಿ ಖಾಲಿ. ಉಳಿದವರು ಮನೆಯ ಮಾತಾಡಿದರೆ ನಂದಾ ಮಾತ್ರ ಸುಮಂಗಲಾ ಎಂಬವಳ ಕಥೆ ಕಟ್ಟಿ ಹೇಳುತ್ತಿದ್ದಳು.

ಸುಮಂಗಲಾ ಆಕಾಶದಲ್ಲಿ ಹೋಗುವ ನೌಕೆಯಲ್ಲಿ ಒಬ್ಬಳೇ ಉಳಿದ ಹೆಣ್ಣುಮಗಳು. ಜೊತೆಗಿದ್ದವರು ಎಲ್ಲೋ ಇಳಿದು ಹೋಗಿದ್ದಾರೆ. ದಿನಕ್ಕೊಂದು ಯಂತ್ರ ಕೆಡುತ್ತದೆ, ಇವಳು ರಿಪೇರಿ ಮಾಡಿ ಮುಂದೆ ಹೋಗುತ್ತಾಳೆ. ಒಮ್ಮೆ ನಮ್ಮ ಜೊತೆ ಆರಿಸುತ್ತಿದ್ದ ಹುಲಿಗೆವ್ವ, ಅವಳು ಅಡುಗೆಗೇನು ಮಾಡುತ್ತಾಳೆ ಎಂದು ಕೇಳಿದಳು.

"ತನಗ ಹಸಿವಾದಾಗ ಉಣ್ತಾಳ" ಎಂದಳು ನಂದಾ.

ಆ ಮಾತಿಗೆ ಶೆಡ್ಡಿನ ಹೆಂಗಸರು ಬಹಳ ಹೊತ್ತು ನಕ್ಕರು. ಆಮೇಲೆ ಯಾಕೋ ತಲೆ ತಗ್ಗಿಸಿ ಕಾಳು ಆರಿಸತೊಡಗಿದರು.

ಈ ಕಥೆ ಹೇಗೋ ವಿಜಯಪುರದ ಕೇಬಲ್ ಚಾನೆಲ್ಲಿನವರ ಕಿವಿಗೆ ಬಿದ್ದು, ಅವರು ಹದಿನಾಲ್ಕು ಕಂತಿನ ಧಾರಾವಾಹಿ ಮಾಡಿದರು. ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಬೆಳ್ಳಿ ಕಾಗದ ಹಚ್ಚಿ ಅದನ್ನೇ ನೌಕೆ ಮಾಡಿದ್ದರು. ಅದನ್ನು ನೋಡಿ ಬಬಲೇಶ್ವರದ ರಾಯಪ್ಪ ಸಾವಕಾರರು ಮನೆಗೇ ಬಂದರು. ಕಬ್ಬಿಣದ ಸಾಮಾನಿನ ಅಂಗಡಿಯವರು, ಸಿನಿಮಾದ ಹುಚ್ಚು. ಮನೆಮಂದಿಯೆಲ್ಲ ಕೂತು ನೋಡುವಂಥ ಸಾಹಸದ ಸಿನಿಮಾ ಮಾಡೋಣ, ನೀನೇ ಬರೆದುಕೊಡು ಎಂದರು. ನಂದಾ ಹಿಗ್ಗಿ ಸಹಿ ಮಾಡಿದಳು. ಕಥೆ ಇನ್ನು ಮುಂದೆ ಅವರದು, ಇವಳು ಬರೆಯದಿದ್ದರೆ ಬೇರೆಯವರಿಂದ ಬರೆಸಬಹುದು ಎಂದು ಆ ಕಾಗದದಲ್ಲಿತ್ತಂತೆ. ಅದು ನಮಗೆ ತಿಳಿದದ್ದು ಬರೆಯಲು ಕೂತ ಮೇಲೆ.

ಬರೆಯಲು ಗೋಳಗುಮ್ಮಟದ ಹತ್ತಿರ ಲಾಡ್ಜಿನಲ್ಲಿ ಕೋಣೆ ಹಿಡಿದುಕೊಟ್ಟರು. ಲಗ್ನವಾದವಳು ಲಾಡ್ಜಿನಲ್ಲಿ ಒಬ್ಬಳೇ ಇರುವ ಪದ್ಧತಿ ನಮ್ಮಲ್ಲಿಲ್ಲ. ಜೋಡಿಗೆ ನಾನು ಹೋದೆ.

ಕಿಟಕಿ ತೆರೆದರೆ ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಹಗಲೂ ದೀಪ ಬೇಕು. ಕದಕ್ಕೆ ಯಾರೂ ಕೀಲಿ ಹಾಕಿರಲಿಲ್ಲ, ಆದರೆ ಕೆಳಗೆ ಇಳಿದರೆ ಸಾಕು, ಮ್ಯಾನೇಜರ್ ಎದ್ದು ನಿಂತು, ಎಷ್ಟು ಹಾಳೆ ಆಯಿತು ಎಂದು ಕೇಳುತ್ತಿದ್ದ. ನಾವು ತಿರುಗಿ ಮೇಲೆ ಬರುತ್ತಿದ್ದೆವು.

ನಂದಾಳಿಗೆ ಬೇಕಾದದ್ದು ಒಂದೇ. ಸಿನಿಮಾ ಮುಗಿಯುವಾಗ ಸುಮಂಗಲಾ ಒಬ್ಬಳೇ ಇರಬೇಕು, ನೌಕೆ ಮುಂದೆ ಹೋಗುತ್ತಿರಬೇಕು. ನಡುವೆ ಏನು ಬೇಕಾದರೂ ಬರೆಯುತ್ತೇನೆ ಎಂದಿದ್ದಳು.

ಸಾವಕಾರರು ಮೊದಲ ದಿನ ಸುಮಂಗಲಾಳಿಗೆ ಗಂಡ ಬೇಕು ಎಂದರು. ಮರುದಿನ ಎರಡು ಮಕ್ಕಳು. ಮೂರನೆಯ ದಿನ ನನ್ನ ಕಡೆ ತಿರುಗಿ, ನೋಡುವವರು ನೀವು, ಇನ್ನೇನು ಬೇಕು ನೀವೇ ಹೇಳಿರಿ ಎಂದರು. ಅಷ್ಟು ದೊಡ್ಡವರು ಕೇಳಿದರಲ್ಲ ಎಂದು ನಾನೂ ಹೇಳಿದೆ.

"ಆಕಿ ಯಂತ್ರ ನೋಡ್ಕೋತ ಕುಂತರ ಹುಡುಗೂರನ್ನ ಯಾರು ನೋಡಬೇಕ್ರಿ? ಜೋಡಿಗೆ ಅತ್ತಿನೂ ಹೋಗ್ಲಿ."

ಸೊಸೆಗೆ ನೆರವಾಗಲಿ ಎಂದೇ ಅಂದದ್ದು. ಸಾವಕಾರರು ತೊಡೆ ತಟ್ಟಿದರು. ನಂದಾಳ ಪೆನ್ನು ನಿಂತಿತು.

ಅತ್ತೆ ಹತ್ತಿದ ಮೇಲೆ ಮಾವನನ್ನು ಬಿಡಲಿಕ್ಕಾಗುತ್ತದೆಯೇ? ಮಾವ ಬಂದ, ಮೈದುನ ಬಂದ, ಅವನ ಹೆಂಡತಿ ಬಂದಳು, ನಗಿಸಲು ಒಂದು ಆಡೂ ಬಂತು. ಒಬ್ಬೊಬ್ಬರು ಹತ್ತಿದಂತೆ ಸುಮಂಗಲಾ ಒಂದೊಂದು ಹೆಜ್ಜೆ ಹಿಂದೆ ಸರಿದಳು. ಯಂತ್ರ ಗಂಡನ ಕೈಗೆ ಹೋಯಿತು, ರಿಪೇರಿ ಮೈದುನನ ಪಾಲಾಯಿತು. ಆರನೆಯ ದಿನ ನಂದಾ ಬರೆದದ್ದನ್ನು ಓದಿ ಹೇಳಿದಳು.

"ನೋಡ್ರಿ ಅತ್ತಿ, ಆಕಾಶದಾಗೂ ಎಂಟು ಮಂದಿಗೆ ರೊಟ್ಟಿ ಬಡ್ಯಾಕತ್ತಾಳ."

ಅವಳ ಮುಖದಲ್ಲಿ ನಗೆ ಇರಲಿಲ್ಲ. ಮರುದಿನ ನಾನೇ ಸಾವಕಾರರಿಗೆ ಕೈಮುಗಿದು ಅತ್ತೆಯನ್ನು ಇಳಿಸಿಬಿಡಿರಿ ಎಂದೆ. ಜನ ನಗುವುದೇ ಆ ಮುದುಕಿಯ ಮಾತಿಗೆ, ಇನ್ನು ಇಳಿಸಲು ಬರುವುದಿಲ್ಲ ಎಂದರು. ಹಾಗಾದರೆ ಎಲ್ಲ ಬಿಟ್ಟು ಊರಿಗೆ ನಡೆ ಎಂದು ನಂದಾಳಿಗೆ ಹೇಳಿದೆ.

"ನಾ ಬಿಟ್ಟರ ಮತ್ತೊಬ್ಬರು ಬರೀತಾರ. ಆಕಿನ್ನ ಅವರ ಕೈಯಾಗ ಹೆಂಗ ಬಿಟ್ಟು ಬರ್ಲಿ?"

ಹತ್ತನೆಯ ದಿನ ಮುಂಜಾನೆ ಚಹಾ ಆರಿಹೋದರೂ ತಲೆ ಎತ್ತದೆ ಬರೆದಳು. ನೌಕೆ ಹೊಸ ನೆಲಕ್ಕೆ ಮುಟ್ಟುತ್ತದೆ. ಮಕ್ಕಳು ಓಡುತ್ತವೆ, ಆಡು ಜಿಗಿಯುತ್ತದೆ, ಅತ್ತೆ ಸೀರೆ ಎತ್ತಿ ಹಿಡಿದು ಇಳಿಯುತ್ತಾಳೆ. ಒಲೆ ಆರಿಸಿ ಬರುತ್ತೇನೆ ಎಂದು ಸುಮಂಗಲಾ ಒಳಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ನೌಕೆ ಏಳುತ್ತದೆ. ಇನ್ನೊಮ್ಮೆ ಓದು ಎಂದೆ. ಎರಡನೆಯ ಸಲ ಓದುವಾಗ ಅವಳ ದನಿ ಶೆಡ್ಡಿನಲ್ಲಿ ಇರುತ್ತಿದ್ದಂತೆಯೇ ಇತ್ತು.

ಸಾವಕಾರರು ಓದಿ ಕಣ್ಣೊರೆಸಿಕೊಂಡರು. ಎಲ್ಲರನ್ನೂ ದಡ ಮುಟ್ಟಿಸಿ ತಾನು ತ್ಯಾಗ ಮಾಡಿದ ತಾಯಿ, ಎಂಥ ಹೆಣ್ಣುಮಗಳು ಎಂದು ಹೊಗಳಿದರು. ಆದರೆ ಜನ ಅಳುತ್ತ ಮನೆಗೆ ಹೋಗಬಾರದು, ನೌಕೆ ಏಳುವ ಮೊದಲು ಯಾರಾದರೂ ಬಾಗಿಲು ಬಡಿಯಲಿ, ಅವಳು ತೆರೆಯಲಿ, ಎಲ್ಲರೂ ಒಂದಾಗಲಿ ಎಂದರು.

"ಆಕಿ ಅಳಾಕತ್ತಿಲ್ರಿ, ಸಾವಕಾರ್ರ" ಎಂದಳು ನಂದಾ.

"ನೋಡಾವರು ಅಳ್ತಾರಲ್ಲಬೇ."

ಯಾರು ಬಡಿಯಬೇಕು ಎಂದು ಅವರು ನನ್ನ ಮುಖ ನೋಡಿದರು. ಯಾರೂ ಬಡಿಯುವುದು ಬೇಡ, ಅವಳು ಒಳಗೇ ಇರಲಿ ಎಂದೆ. ಅವರು ನಕ್ಕರು.

"ಅತ್ತೀನ ಬಂದು ಬಾಗಲಾ ಬಡೀಲಿ. ನಾ ಉಂಡು ಬರೂದ್ರಾಗ ಬರದಿಡು."

ಅವರು ಇಳಿದು ಹೋದರು. ನಂದಾ, ಕಥೆಯ ಅತ್ತೆ ಬಾಗಿಲು ಬಡಿಯುವ ತನಕ ಬರೆದು ನಿಲ್ಲಿಸಿದಳು. ಹತ್ತು ದಿನ ಹಗಲೂ ರಾತ್ರಿ ನಾನು ಅವಳ ಎದುರಿಗೇ ಕೂತಿದ್ದೆ ಎಂಬುದು ಆಗ ಹೊಳೆಯಿತು. ಎದ್ದು ಹೊರಗೆ ಬಂದು ಕದ ಎಳೆದುಕೊಂಡೆ. ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿತು. ಮೆಟ್ಟಿಲ ಮೇಲೆ ಕೂತೆ.

ಊಟ ಮುಗಿಸಿ ಸಾವಕಾರರು ಹಲ್ಲಿಗೆ ಕಡ್ಡಿ ಹಾಕುತ್ತ ಬಂದರು, ಹಿಂದೆ ಮ್ಯಾನೇಜರ್. ಹೊರಗೆ ಯಾಕೆ ಕೂತಿರಿ, ಆಯಿತೋ ಇಲ್ಲವೋ ಕೇಳಿ ನೋಡಿರಿ ಎಂದರು. ನಾನು ಏಳಲಿಲ್ಲ. ಪರಗಂಡಸು ಬಡಿದರೆ ಚೆನ್ನಾಗಿರುವುದಿಲ್ಲ, ನೀವೇ ಬಡಿಯಿರಿ ಎಂದು ಕಾದು ನಿಂತರು.

ಬಡಿದೆ. ಒಂದು ಸಲ, ಮೆಲ್ಲಗೆ.

ಬಹಳ ಹೊತ್ತಿಗೆ ಅಗಳಿ ಸರಿಯಿತು. ನಂದಾ ಹಾಳೆಗಳನ್ನು ಸಾವಕಾರರಿಗೆ ಕೊಟ್ಟು, ಊರಿಗೆ ಒಯ್ಯುವ ಸೀರೆ ಮಡಚತೊಡಗಿದಳು. ಅವರು ಕೊನೆಯ ಸಾಲನ್ನು ಅಲ್ಲೇ ನಿಂತು ಓದಿದರು. "ಸುಮಂಗಲಾ ಬಾಗಿಲು ತೆರೆದಳು."