ಸಂಡರ್ಲೆಂಡಿಗೆ ಹೊರಟವನು

ಇಂಗ್ಲೆಂಡಿಗೆ ಹೋಗುವವರೆಲ್ಲ ಲಂಡನ್ ನೋಡುತ್ತಾರೆ. ನನ್ನ ಗಂಡ ಡೆಲ್ಬರ್ಟ್ ಹನ್ನೊಂದು ವರ್ಷ ಸಂಡರ್ಲೆಂಡಿಗೆ ಹೊರಡುತ್ತಲೇ ಇದ್ದ. ಅವನ ತಾಯಿ ಹುಟ್ಟಿದ ಬೀದಿ ಅಲ್ಲಿದೆ. ಸಾಯುವುದರೊಳಗೆ ಅದನ್ನು ನೋಡಬೇಕು ಎಂಬುದೊಂದೇ ಅವನ ಆಸೆ. ಅಮೆರಿಕದ ನಮ್ಮ ಟೊಲೆಡೊದಲ್ಲಿ ಬಿಸಿಲು ಸುಡುತ್ತಿದ್ದರೂ ಛತ್ರಿ ಹಿಡಿದು ಅಂಗಡಿಗೆ ಹೋಗುತ್ತಿದ್ದ. ಕೇಳಿದರೆ "ಅಲ್ಲಿ ಈಗ ಮಳೆ ಕಣೇ" ಎನ್ನುತ್ತಿದ್ದ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಎತ್ತಿಕೊಂಡು ನಿಂತು, ಭಾರ ಹೆಚ್ಚಾದರೆ ತಾನು ಊಟ ಬಿಡುತ್ತಿದ್ದ. ಪ್ರತಿ ಭಾನುವಾರ ಚರ್ಚಿನಿಂದ ಬಂದೊಡನೆ ಅಡುಗೆಮನೆಯ ಕುರ್ಚಿಗಳನ್ನು ಸಾಲಾಗಿಟ್ಟು, ನಮ್ಮಿಬ್ಬರ ಸೊಂಟಕ್ಕೂ ಬೆಲ್ಟು ಬಿಗಿದು, ಏಳು ಗಂಟೆಗಳ ಕಾಲ ವಿಮಾನ ಹಾರಿಸುತ್ತಿದ್ದ. ನಾನು ಎದ್ದರೆ, "ಕೂತ್ಕೊಳೇ, ಕೆಳಗೆ ಸಮುದ್ರ ಇದೆ!" ಎಂದು ಗದರುತ್ತಿದ್ದ. "ಒಲೆ ಮೇಲೆ ಕೋಳಿ ಸೀದು ಹೋಗ್ತಿದೆಯಲ್ಲೋ, ಹುಚ್ಚಪ್ಪ!" ಎಂದರೆ, "ಸೀಯ್ಲಿ ಬಿಡು, ಇಳಿದ್ಮೇಲೆ ನೋಡ್ಕೊಳ್ಳೋಣ" ಎನ್ನುತ್ತಿದ್ದ. ಪಕ್ಕದ ಮನೆಯ ಲೊರೇನ್ ಬೇಲಿಯಾಚೆಯಿಂದ, "ಇವತ್ತು ಎಲ್ಲಿವರೆಗೆ ಹೋದ್ರಿ?" ಎಂದು ನಗುತ್ತಿದ್ದಳು. ಅವನು ಪುಕ್ಕಲ, ವಿಮಾನ ಹತ್ತುವವನಲ್ಲ ಎಂದೇ ಬೀದಿಯವರೆಲ್ಲ ತಿಳಿದಿದ್ದರು, ನಾನು ತಿದ್ದಲಿಲ್ಲ. ಈ ಮಾರ್ಚಿನಲ್ಲಿ ಅವನನ್ನು ಮಣ್ಣು ಮಾಡಿದೆವು. ವಿಮಾನವೆಂದರೆ ಹೆದರಿಕೆ ಇದ್ದದ್ದು ನನಗೆ, ಅವನಿಗಲ್ಲ. ಒಬ್ಬನೇ ಹೋಗಿ ಬಾ ಎಂದು ನಾನು ಒಂದು ಸಲವೂ ಹೇಳಲಿಲ್ಲ.